ಆಗಮನ ಕಾಲದಲ್ಲಿ ಕಿವಿಗೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ ಗಮನವಿಟ್ಟು ಕೇಳಿಸಿಕೊಳ್ಳೋಣ ಅಂದರೆ ಜನ ಕೇಳುವ ಪ್ರಶ್ನೆಗಳು ಇವು. ಕೆಲವು ಪೂಜೆ ಮುಗಿದ ಮೇಲೆ ಆಲಯದ ಅಂಗಳದಲ್ಲಿ ಬರುತ್ತವೆ, ಕೆಲವು ವಾರ್ಡಿನ (ಆಲಯಕ್ಕೆ ಸೇರಿದ ಒಂದು ಕೇರಿಯ ಮನೆಗಳ) ಕೂಟಗಳಲ್ಲಿ. ಕಥೋಲಿಕರು, ಸಿಎಸ್‌ಐ (ದಕ್ಷಿಣ ಭಾರತ ಸಭೆ)ಯವರು, ಬೇರೆ ಸಭೆಯವರು ಯಾರು ಬೇಕಾದರೂ ಓದಬಹುದು. ಹೆಸರುಗಳು ನಿಮ್ಮ ಬೈಬಲ್‌ನಲ್ಲಿ ಸ್ವಲ್ಪ ಬೇರೆ ಥರ ಇರಬಹುದು. ಜನ ಅವರೇ.

ಆಗಮನ ಕಾಲ ಯಾವಾಗ ಶುರುವಾಗುತ್ತದೆ? ಎಷ್ಟು ದಿನ?

ಕ್ರಿಸ್ಮಸ್‌ಗೆ ಹಿಂದಿನ ನಾಲ್ಕನೇ ಭಾನುವಾರದಿಂದ. ಆ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ. ಹಾಗಾಗಿ ಕೆಲವು ವರ್ಷ 28 ದಿನ ಸಿಗುತ್ತದೆ, ಕೆಲವು ವರ್ಷ 22 ಮಾತ್ರ. 2026ರಲ್ಲಿ ನವೆಂಬರ್ 29ಕ್ಕೆ ಶುರು.

ಸಿರಿಯನ್ ಸಂಪ್ರದಾಯದವರ ಲೆಕ್ಕ ಬೇರೆ. ಕೇರಳ ಮೂಲದ ಸಭೆಗಳಲ್ಲಿ ಡಿಸೆಂಬರ್ 1ರಿಂದ 25 ದಿನಗಳ ಉಪವಾಸ ಇದೆ. ಅವುಗಳಲ್ಲಿ ಒಂದಾದ ಸಿರೋ ಮಲಬಾರ್ ಸಭೆಯವರು ಈ ಕಾಲವನ್ನು ಮಂಗಳವಾರ್ತೆ ಕಾಲ ಎನ್ನುತ್ತಾರೆ. ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಕಡೆ ಅವರ ಧರ್ಮಕ್ಷೇತ್ರಗಳು, ಅಂದರೆ ಬಿಷಪರ ಆಡಳಿತ ಪ್ರದೇಶಗಳು ಇವೆ, ಹಾಗಾಗಿ ನಿಮ್ಮ ಪಕ್ಕದ ಮನೆಯಲ್ಲೇ ಈ ಲೆಕ್ಕ ನಡೆಯುತ್ತಿರಬಹುದು.

ಕಿವಿ ಇದ್ದ ಮೇಲೆ ಕೇಳಿಸುತ್ತೆ ಅಲ್ವಾ? ಅದರಲ್ಲಿ ಸಾಧನೆ ಏನು ಬಂತು?

ಸದ್ದು ಕೇಳಿಸುತ್ತದೆ, ಸರಿ. ಆದರೆ ಎದುರಿನವರು ಮಾತಾಡುವಾಗ ನಾವು ಜಾಸ್ತಿ ಹೊತ್ತು ಮಾಡುವ ಕೆಲಸ ನಮ್ಮ ಉತ್ತರ ಸಿದ್ಧ ಮಾಡಿಕೊಳ್ಳುವುದು. ಬೈಬಲ್ ಓದುವಾಗಲೂ ಅಷ್ಟೇ. "ಇದು ಗೊತ್ತಿರೋ ಕಥೆ" ಅಂತ ಮನಸ್ಸು ಮುಂದಕ್ಕೆ ಓಡುತ್ತದೆ. ಆ ಓಟವನ್ನು ದಿನಕ್ಕೆ ಸ್ವಲ್ಪ ಹೊತ್ತು ನಿಲ್ಲಿಸುವುದೇ ಇಲ್ಲಿನ ಅಭ್ಯಾಸ. ಹೇಳಿದ್ದನ್ನು ಪೂರ್ತಿ ಕೇಳುವುದು, ಅದು ನಮ್ಮ ಲೆಕ್ಕಾಚಾರವನ್ನು ಬದಲಿಸಲು ಬಿಡುವುದು.

ಈ ಎರಡನೇ ಭಾಗ ಕಷ್ಟ. ಕೇಳಿಸಿಕೊಂಡು ಎದ್ದ ಮೇಲೂ ಎಲ್ಲವೂ ಮೊದಲಿನ ಹಾಗೇ ನಡೆದರೆ, ನಾವು ಸುಮ್ನೆ ಕೂತಿದ್ದೆವು ಅಷ್ಟೇ.

ಇದು ಈಗ ಹೊಸದಾಗಿ ಬಂದದ್ದಾ?

ತುಂಬಾ ಹಳೆಯದು. ಯೆಹೂದ್ಯರು ದಿನಕ್ಕೆ ಎರಡು ಸಲ ಹೇಳುವ ಪ್ರಾರ್ಥನೆ "ಇಸ್ರಯೇಲೇ, ಕೇಳು" ಅಂತಲೇ ಶುರುವಾಗುತ್ತದೆ. ಯೇಸು ಬೆಳೆದದ್ದು ಆ ಪ್ರಾರ್ಥನೆ ನಡೆಯುತ್ತಿದ್ದ ಜನರ ನಡುವೆ. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠಕ್ಕೆ ಬರೆದ ನಿಯಮದ ಮೊದಲ ಪದವೂ "ಕೇಳು". ಹೃದಯದ ಕಿವಿಯಿಂದ ಕೇಳು ಎನ್ನುತ್ತಾರೆ ಅವರು. ಕೆಂಗೇರಿ ಬಳಿಯ ಆಶೀರ್ವನಂ ಮಠ ಇದೇ ಬೆನೆಡಿಕ್ಟೀನ್ ಪರಂಪರೆಯದು.

ಇನ್ನೊಂದು ಮಾತು. ಕ್ರೈಸ್ತರಲ್ಲಿ ಬಹುಪಾಲು ಜನ ಶತಮಾನಗಳ ಕಾಲ ಬೈಬಲ್ ಓದಲೇ ಇಲ್ಲ, ಕೇಳಿದರು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಕೆಲಸದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಗಲೂ ಅಕ್ಷರ ಬಲ್ಲವರು ಕಡಿಮೆ. ಒಬ್ಬರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ನಮ್ಮ ಊರುಗಳಲ್ಲಿ ಗಮಕಿಗಳು ಭಾರತ ಓದಿದಾಗ ಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದ ಹಾಗೆ. ಒಬ್ಬೊಬ್ಬರೇ ಕೂತು ಮೌನವಾಗಿ ಓದುವುದು ಈಚಿನ ರೂಢಿ.

ಈಸ್ಟರ್‌ಗೆ ಮುಂಚೆ ತಪಸ್ಸು ಕಾಲ ಇದೆಯಲ್ಲ. ಇದನ್ನು ಆಗಮನ ಕಾಲದಲ್ಲೇ ಯಾಕೆ ಮಾಡಬೇಕು?

ಯಾವಾಗ ಬೇಕಾದರೂ ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಯೇಸುವಿನ ಕಥೆ ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದಾದ ಲೂಕನ ಶುಭಸಂದೇಶದ ಮೊದಲ ಅಧ್ಯಾಯ ಒಮ್ಮೆ ತೆರೆದು ನೋಡಿ. ಪೂರ್ತಿ 80 ವಚನ. ಅದರಲ್ಲಿ ನಡೆಯುವುದೆಲ್ಲ ಒಬ್ಬರು ಹೇಳುವುದು, ಇನ್ನೊಬ್ಬರು ಕೇಳುವುದು, ನಂಬುವುದು ಅಥವಾ ನಂಬದಿರುವುದು. ದೇವದೂತ ಗಬ್ರಿಯೇಲ್ ಜಕರೀಯನಿಗೆ ಹೇಳುತ್ತಾನೆ. ಯೇಸುವಿನ ತಾಯಿ ಮರಿಯಮ್ಮನಿಗೆ ಹೇಳುತ್ತಾನೆ. ಮರಿಯಮ್ಮನ ದನಿ ಕಿವಿಗೆ ಬಿದ್ದ ಕೂಡಲೇ ಜಕರೀಯನ ಹೆಂಡತಿ ಎಲಿಸಬೇತಮ್ಮನ ಹೊಟ್ಟೆಯಲ್ಲಿದ್ದ ಮಗು ನಲಿಯುತ್ತದೆ. ಆಗಮನ ಕಾಲದ ಓದುಗಳೇ ಕೇಳುವುದರ ಬಗ್ಗೆ ಇವೆ.

ಜಕರೀಯ ಮೂಗನಾದದ್ದು ಶಿಕ್ಷೆ ಅಲ್ವಾ? ಅವನಿಂದ ನಾವೇನು ಕಲಿಯೋದು?

ನನ್ನ ಲೆಕ್ಕದಲ್ಲಿ ಇಡೀ ಆಗಮನ ಕಾಲದ ಗುರು ಅವನೇ. ಮರಿಯಮ್ಮನ ಬಗ್ಗೆ ಎಲ್ಲರೂ ಬೋಧಿಸುತ್ತಾರೆ, ಜಕರೀಯನನ್ನು ಬೇಗ ದಾಟಿ ಹೋಗುತ್ತಾರೆ. ಸಿರೋ ಮಲಬಾರ್ ಸಭೆಯವರು ಮಾತ್ರ ಮೊದಲ ಭಾನುವಾರವನ್ನೇ ಅವನಿಗೆ ಕೊಟ್ಟಿದ್ದಾರೆ.

ಅವನು ಯಾಜಕ. ಬಾಯಿ ಬಳಸುವುದೇ ಅವನ ಕೆಲಸದ ಭಾಗ. ಮಗು ಬೇಕೆಂದು ಬೇಡಿಕೊಂಡವನು, ಮಗು ಹುಟ್ಟುತ್ತದೆ ಎಂದಾಗ "ನಾನು ಮುದುಕ, ಇದನ್ನು ಹೇಗೆ ನಂಬಲಿ" ಎನ್ನುತ್ತಾನೆ. ಮಗು ಹುಟ್ಟಿ ಹೆಸರಿಡುವವರೆಗೆ ಅವನ ಬಾಯಿ ಕಟ್ಟುತ್ತದೆ. ಶಿಕ್ಷೆ ಹೌದು. ದೂತನೇ "ನೀನು ನನ್ನ ಮಾತನ್ನು ನಂಬಲಿಲ್ಲ" ಎಂದು ಕಾರಣ ಹೇಳುತ್ತಾನೆ. ಆದರೆ ಆ ತಿಂಗಳುಗಳಲ್ಲಿ ಮನೆಯೊಳಗೆ ಏನಾಯಿತು ನೋಡಿ. ಯಜಮಾನ ಮಾತಾಡುವ ಹಾಗಿಲ್ಲ. ಮರಿಯಮ್ಮ ಬಂದು ಸುಮಾರು ಮೂರು ತಿಂಗಳು ಅಲ್ಲೇ ಇರುತ್ತಾಳೆ. ಆ ಮನೆಯಿಂದ ನಮಗೆ ಬಂದಿರುವ ಮಾತು ಆ ಇಬ್ಬರು ಹೆಂಗಸರದ್ದು. ಬಲಾಢ್ಯರನ್ನು ಸಿಂಹಾಸನದಿಂದ ಇಳಿಸಿ, ಹಸಿದವರಿಗೆ ಹೊಟ್ಟೆ ತುಂಬ ಕೊಟ್ಟ ದೇವರ ಹಾಡನ್ನು ಮರಿಯಮ್ಮ ಹಾಡಿದ್ದು ಅಲ್ಲೇ.

ಇನ್ನೂ ಸ್ವಾರಸ್ಯ ಮುಂದಿದೆ. ಮಗು ಹುಟ್ಟಿ ಎಂಟನೇ ದಿನ ನೆಂಟರು, ನೆರೆಯವರು ಸೇರುತ್ತಾರೆ. ಅಪ್ಪನ ಹೆಸರನ್ನೇ ಇಡಲು ಹೊರಡುತ್ತಾರೆ. ತಾಯಿ, "ಬೇಡ, ಅವನ ಹೆಸರು ಯೊವಾನ್ನ" ಎನ್ನುತ್ತಾಳೆ. ಯಾರೂ ಒಪ್ಪುವುದಿಲ್ಲ. "ನಿಮ್ಮ ಕಡೆ ಆ ಹೆಸರಿನವರು ಯಾರೂ ಇಲ್ಲವಲ್ಲ" ಅಂತ ವಾದ. ಹೆತ್ತವಳು ಸ್ಪಷ್ಟವಾಗಿ ಹೇಳಿದ ಮೇಲೂ ಗಂಡನ ಕಡೆ ತಿರುಗಿ ಕೈಸನ್ನೆ ಮಾಡಿ ಕೇಳುತ್ತಾರೆ. ನಮ್ಮ ನಾಮಕರಣಗಳಲ್ಲೂ ನೋಡಿದ ದೃಶ್ಯ, ಅಲ್ವಾ? ಅವನು ಹಲಗೆ ತರಿಸಿ "ಅವನ ಹೆಸರು ಯೊವಾನ್ನ" ಎಂದು ಬರೆಯುತ್ತಾನೆ. ಹೆಂಡತಿ ಹೇಳಿದ್ದೇ. ಆ ಗಳಿಗೆಯಲ್ಲೇ ಅವನ ನಾಲಿಗೆ ಸಡಿಲವಾಗುತ್ತದೆ.

ಆಮೇಲೆ ಅವನು ಹಾಡಿದ ಸ್ತುತಿಯನ್ನು ಧರ್ಮಸಭೆ ಇವತ್ತಿಗೂ ಪ್ರತಿದಿನ ಬೆಳಗಿನ ಪ್ರಾರ್ಥನೆಯಲ್ಲಿ ಹೇಳುತ್ತದೆ.

ಸಂತ ಜೋಸೆಫರು ಬೈಬಲ್‌ನಲ್ಲಿ ಒಂದು ಮಾತೂ ಆಡಿಲ್ಲವಂತೆ, ನಿಜವಾ?

ನಿಜ. ಮರಿಯಮ್ಮನ ಗಂಡ ಅವರು. ನಾಲ್ಕು ಶುಭಸಂದೇಶಗಳಲ್ಲೂ ಅವರ ಬಾಯಿಂದ ಬಂದ ಒಂದು ವಾಕ್ಯವೂ ದಾಖಲಾಗಿಲ್ಲ. ಮತ್ತಾಯನ ಶುಭಸಂದೇಶದಲ್ಲಿ ಅವರಿಗೆ ಕನಸಿನಲ್ಲಿ ನಾಲ್ಕು ಸಲ ಸೂಚನೆ ಬರುತ್ತದೆ. ನಾಲ್ಕು ಸಲವೂ ಅವರು ಮಾಡುವುದು ಕೆಲಸ: ಮರಿಯಮ್ಮನನ್ನು ಮನೆಗೆ ಕರೆತರುವುದು, ರಾತ್ರೋರಾತ್ರಿ ಈಜಿಪ್ಟಿಗೆ ಹೊರಡುವುದು, ವಾಪಸ್ ಬರುವುದು, ಗಲಿಲೇಯ ಕಡೆ ತಿರುಗುವುದು. ಮಾತು ಕಮ್ಮಿ ಇರುವ ಗಂಡಸರಿಗೆ ಇದು ಸಮಾಧಾನ ಕೊಡುತ್ತದೆ. ಆದರೆ ಸುಮ್ಮನಿರುವುದಕ್ಕೂ ಕೇಳುವುದಕ್ಕೂ ವ್ಯತ್ಯಾಸ ಇದೆ. ಜೋಸೆಫರು ಎದ್ದು ಹೊರಟರು.

ಹಾಗಾದರೆ ದಿನಾ ಏನು ಮಾಡಬೇಕು? ನೇರವಾಗಿ ಹೇಳಿ.

ಹತ್ತು ನಿಮಿಷ ಸಾಕು. ಫೋನ್ ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೆ ಆಗುವುದಿಲ್ಲ, ಬೇರೆ ಕೋಣೆಯಲ್ಲಿಡಿ. ಲೂಕನ ಮೊದಲ ಅಧ್ಯಾಯದ ಒಂದು ತುಣುಕನ್ನು ಗಟ್ಟಿಯಾಗಿ ಓದಿ. ನಿಮ್ಮ ಕಿವಿಗೆ ನಿಮ್ಮದೇ ದನಿ ಬೀಳಬೇಕು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಓದಿ. ಯಾವುದೋ ಒಂದು ಮಾತು ಹಿಡಿದು ನಿಲ್ಲಿಸುತ್ತದೆ, ಅಲ್ಲೇ ನಿಲ್ಲಿ. ಆ ಮಾತಿನ ಬಗ್ಗೆ ದೇವರ ಹತ್ತಿರ ಎರಡು ಮಾತಾಡಿ. ಉಳಿದ ಹೊತ್ತು ಸುಮ್ಮನಿರಿ. 12ನೇ ಶತಮಾನದ ಗೀಗೊ ಎಂಬ ಸನ್ಯಾಸಿ ಇದನ್ನೇ ನಾಲ್ಕು ಮೆಟ್ಟಿಲ ಏಣಿ ಎಂದು ಬರೆದರು: ಓದು, ಮನನ, ಪ್ರಾರ್ಥನೆ, ಧ್ಯಾನ.

ವಾರಕ್ಕೊಂದು ಭಾಗ ಇಟ್ಟುಕೊಳ್ಳಿ. ಮೊದಲ ವಾರ ಜಕರೀಯನ ಕಥೆ, 5ರಿಂದ 25ನೇ ವಚನ. ಎರಡನೇ ವಾರ ಮರಿಯಮ್ಮನಿಗೆ ಬಂದ ಸುದ್ದಿ, 26ರಿಂದ 38. ಮೂರನೆಯದು ಇಬ್ಬರು ತಾಯಂದಿರ ಭೇಟಿ, 39ರಿಂದ 56. ಕೊನೆಗೆ ಉಳಿದದ್ದು. ಡಿಸೆಂಬರ್ 1ರಿಂದ ದಿನಕ್ಕೊಂದರಂತೆ ಲೂಕನ 24 ಅಧ್ಯಾಯ ಮುಗಿಸುವ ಪದ್ಧತಿಯೂ ಇದೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಯೇಸು ಹುಟ್ಟುವ ಹಬ್ಬಕ್ಕೆ ಮುಂಚೆಯೇ ಅವರ ಪುನರುತ್ಥಾನ ಓದಿ ಮುಗಿಸಿರುತ್ತೇವೆ. ಮೇಲಾಗಿ ಮುಗಿಸುವ ಆತುರವೇ ಜಾಸ್ತಿಯಾಗುತ್ತದೆ.

ಮನೆಯಲ್ಲಿ ಮೌನ ಅನ್ನೋದೇ ಇಲ್ಲ. ಕುಕ್ಕರ್, ಟಿವಿ, ಮಕ್ಕಳ ಗಲಾಟೆ.

ಮೌನ ಸಿಗುವವರೆಗೆ ಕಾದರೆ ಆಗಮನ ಕಾಲ ಮುಗಿದೇ ಹೋಗುತ್ತದೆ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕನ್ನಡ ಆಡಿಯೋ ಬೈಬಲ್ ಕೇಳಬಹುದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆಲಯದ ಗಂಟೆ ಕೇಳಿಸುವ ಊರಾದರೆ ಇನ್ನೂ ಸುಲಭ. ಆ ಗಂಟೆಗೆ ಹೇಳುವ ತ್ರಿಕಾಲ ಪ್ರಾರ್ಥನೆ ಗಬ್ರಿಯೇಲ್ ಮರಿಯಮ್ಮನಿಗೆ ಸುದ್ದಿ ತಂದ ಕಥೆಯೇ. ಸೌಟು ಕೈಯಲ್ಲಿ ಹಿಡಿದೇ ಒಂದು ನಿಮಿಷ ನಿಲ್ಲಬಹುದು.

ನಿದ್ದೆ ಬರುತ್ತೆ.

ಬರಲಿ. ಬೇಕಿದ್ದರೆ ನಿಂತು ಓದಿ. ದಿನವೂ ಬರುತ್ತಿದ್ದರೆ ರಾತ್ರಿ ಬೇಗ ಮಲಗಿ.

ಮನೆಯವರ ಮಾತು ಕೇಳೋದೂ ಪ್ರಾರ್ಥನೆಯಾ?

ಜಕರೀಯನ ಮನೆಯ ಕಥೆ ಓದಿದ ಮೇಲೆ ಇಲ್ಲ ಅನ್ನುವುದು ಹೇಗೆ? ಡಿಸೆಂಬರ್‌ನಲ್ಲಿ ನಮ್ಮ ಮನೆಗಳಲ್ಲಿ ಯಾರ ಮಾತು ನಡೆಯುತ್ತದೆ, ಯಾರದ್ದು ನಡೆಯುವುದಿಲ್ಲ ಅಂತ ಒಂದು ವಾರ ಗಮನಿಸಿ. ಕರಾವಳಿ ಮನೆಗಳಲ್ಲಿ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾಡಲು ರಾತ್ರಿಯವರೆಗೆ ಎಣ್ಣೆಯ ಮುಂದೆ ನಿಲ್ಲುವವರನ್ನು "ಈ ಸಲ ಎಷ್ಟು ಬಗೆ ಮಾಡೋಣ, ನಿಮ್ಮ ಕೈಲಿ ಆಗುತ್ತಾ" ಎಂದು ಯಾರಾದರೂ ಕೇಳುತ್ತಾರಾ? ಅಜ್ಜ ಅದೇ ಹಳೆಯ ಕಥೆ ತೆಗೆದರೆ ಯಾರು ಕೂರುತ್ತಾರೆ? ಮನೆಕೆಲಸಕ್ಕೆ ಬರುವವರಿಗೆ ಹಬ್ಬದ ದಿನ ರಜೆ ಬೇಕಾ ಅಂತ ಯಾರು ವಿಚಾರಿಸುತ್ತಾರೆ?

ಒಬ್ಬರನ್ನು ಆರಿಸಿಕೊಳ್ಳಿ. ಅವರು ಮಾತಾಡುವಾಗ ಪೂರ್ತಿ ಮುಗಿಸಲು ಬಿಡಿ. "ನಂಗೂ ಹಾಗೇ ಆಗಿತ್ತು" ಅಂತ ನಡುವೆ ನುಗ್ಗಬೇಡಿ. ಸಲಹೆ ಕೇಳದಿದ್ದರೆ ಕೊಡಬೇಡಿ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ, "ಇದೇ ತಾನೇ ನೀವು ಹೇಳಿದ್ದು" ಅಂತ ಕೇಳಿ. ಎಷ್ಟೋ ಸಲ "ಅಯ್ಯೋ ಅದಲ್ಲ" ಎನ್ನುತ್ತಾರೆ. ನಿಜವಾದ ಮಾತು ಆಗ ಶುರುವಾಗುತ್ತದೆ.

ಇನ್ನೊಂದು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. "ನಿಮಗಾಗಿ ಪ್ರಾರ್ಥಿಸುತ್ತೇನೆ" ಎಂಬ ಮಾತನ್ನು ಸಂಭಾಷಣೆ ಮುಗಿಸುವ ಉಪಾಯವಾಗಿ ಬಳಸಬೇಡಿ. ನಾವು ಕ್ರೈಸ್ತರು ಇದರಲ್ಲಿ ಪಳಗಿದ್ದೇವೆ. ಮೊದಲು ಪೂರ್ತಿ ಕೇಳಿ, ಆಮೇಲೆ ಪ್ರಾರ್ಥಿಸಿ.

ಕೇಳುತ್ತಾ ಕೂತಾಗ ಯಾರಾದರೂ ಹೊಡೆತ, ದೌರ್ಜನ್ಯದ ವಿಷಯ ಹೇಳಿಕೊಂಡರೆ?

ಅಲ್ಲಿಗೆ ಬರೀ ಕೇಳುವುದು ಸಾಕಾಗುವುದಿಲ್ಲ. "ಸಹಿಸಿಕೋ, ಹಬ್ಬದ ಸಮಯ" ಎನ್ನುವ ಮಾತು ಬೇಡವೇ ಬೇಡ. ಅವರನ್ನು ನಂಬಿ, ಏನು ಸಹಾಯ ಬೇಕು ಕೇಳಿ. ಮಹಿಳೆಯರಿಗೆ 181, ಮಕ್ಕಳ ವಿಷಯಕ್ಕೆ 1098, ತಕ್ಷಣದ ಅಪಾಯಕ್ಕೆ 112. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ ಅದನ್ನು ವರದಿ ಮಾಡುವುದು ಕಾನೂನಿನ ಪ್ರಕಾರ ಕಡ್ಡಾಯ. ಮಿಕ್ಕ ವಿಷಯಗಳನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳಬೇಡಿ. ಪ್ರಾರ್ಥನಾ ಕೂಟದಲ್ಲಿ "ಒಂದು ಕುಟುಂಬಕ್ಕಾಗಿ" ಅಂತ ಸುಳಿವು ಕೊಡುವುದೂ ಹೇಳಿದ ಹಾಗೇ.

ದೇವರ ದನಿ ನಿಜವಾಗಿ ಕಿವಿಗೆ ಕೇಳಿಸುತ್ತದಾ?

ಬೈಬಲ್‌ನಲ್ಲಿ ಕೆಲವರಿಗೆ ಕೇಳಿಸಿದೆ. ಬಾಲಕ ಸಮುವೇಲನಿಗೆ ಕೇಳಿಸಿದಾಗ ಅದು ದೇವರದ್ದು ಅಂತ ಅವನಿಗೇ ಗೊತ್ತಾಗಲಿಲ್ಲ. ಮೂರು ಸಲ ಎದ್ದು ಮುದಿ ಯಾಜಕ ಏಲಿಯ ಹತ್ತಿರ ಓಡಿದ. ಗುರುತು ಹಿಡಿದದ್ದು ಏಲಿ. ಬಂದ ಸಂದೇಶ ಏಲಿಯ ಮನೆತನಕ್ಕೇ ವಿರುದ್ಧವಾಗಿತ್ತು. ಆದರೂ ಏಲಿ "ಮುಚ್ಚಿಡಬೇಡ, ಹೇಳು" ಎಂದು ಕೇಳಿಸಿಕೊಂಡ. ಏಲಿಯಲ್ಲಿ ಬೇರೆ ತಪ್ಪುಗಳು ಬೇಕಾದಷ್ಟಿದ್ದವು, ಇದೊಂದನ್ನು ಮಾತ್ರ ಮೆಚ್ಚಬೇಕು.

ನಮ್ಮಲ್ಲಿ ಹೆಚ್ಚಿನವರಿಗೆ ದನಿ ಕೇಳಿಸುವುದಿಲ್ಲ. ಒಂದು ವಚನ ಬಿಡದೆ ಕಾಡುತ್ತದೆ, ಯಾರದೋ ಮಾತು ಚುಚ್ಚುತ್ತದೆ, ಮಾಡಬೇಕಾದ ಕೆಲಸ ನೆನಪಾಗುತ್ತದೆ. ಅದು ದೇವರಿಂದಲೋ ನಮ್ಮ ಆಸೆಯಿಂದಲೋ ಅಂತ ಅನುಮಾನ ಬಂದರೆ ಏಲಿಯಂಥ ಒಬ್ಬರ ಹತ್ತಿರ ಹೋಗಿ. ಗುರುಗಳಿರಬಹುದು, ಸಭಾಪಾಲಕರಿರಬಹುದು, ಅನುಭವಸ್ಥ ಸಿಸ್ಟರ್ ಇರಬಹುದು. ನಮ್ಮನ್ನು ಬರೀ ಹೊಗಳುವ, ಬೇರೆಯವರನ್ನು ತುಳಿಯಲು ಹೇಳುವ "ದನಿ"ಯನ್ನು ನಾನಂತೂ ನಂಬುವುದಿಲ್ಲ. ನಿಜವಾಗಿಯೇ ದನಿಗಳು ಕೇಳಿಸಿ ಹೆದರಿಸುತ್ತಿದ್ದರೆ, ನಿಮಗೋ ಬೇರೆಯವರಿಗೋ ಹಾನಿ ಮಾಡು ಅನ್ನುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416. ಇದರಲ್ಲಿ ನಂಬಿಕೆ ಕಡಿಮೆ ಅನ್ನುವ ಪ್ರಶ್ನೆಯೇ ಇಲ್ಲ.

ಕಿವಿ ಕೇಳಿಸದವರು ಏನು ಮಾಡಬೇಕು?

ಇದನ್ನು ಉಳಿದವರೂ ಓದಬೇಕು. "ನಂಬಿಕೆ ಕೇಳುವುದರಿಂದ ಬರುತ್ತದೆ" ಎಂಬ ಪೌಲರ ಮಾತನ್ನು ತಪ್ಪಾಗಿ ಹಿಡಿದು ಕಿವುಡರನ್ನು ಹೊರಗಿಟ್ಟವರಿದ್ದಾರೆ. ಆದರೆ ಜಕರೀಯನಿಗೆ ನೆಂಟರು ಸನ್ನೆ ಮಾಡಿ ಕೇಳಿದರು ಅಂದರೆ ಅವನಿಗೆ ಕಿವಿಯೂ ಕೇಳುತ್ತಿರಲಿಲ್ಲ ಎಂದೇ ಹಲವರು ಅರ್ಥ ಮಾಡುತ್ತಾರೆ. ಸನ್ನೆ ಮತ್ತು ಹಲಗೆಯ ಬರಹದಲ್ಲೇ ಅವನ ವ್ಯವಹಾರ ಮುಗಿಯಿತು. ಕಣ್ಣಲ್ಲಿ ಕೇಳಬಹುದು, ಕೈಯಲ್ಲಿ ಹೇಳಬಹುದು. ನಿಮ್ಮ ಕೂಟದಲ್ಲಿ ಕಿವಿ ಮಂದವಾದ ಹಿರಿಯರಿದ್ದರೆ ಓದುವ ಭಾಗವನ್ನು ದೊಡ್ಡ ಅಕ್ಷರದಲ್ಲಿ ಮೊದಲೇ ಕೊಡಿ. ಮುಖ ಅವರ ಕಡೆ ಇಟ್ಟು ಮಾತಾಡಿ. ಭಾರತೀಯ ಸಂಜ್ಞೆ ಭಾಷೆ ಬಲ್ಲವರು ಸಿಕ್ಕರೆ ಮುಂದಿನ ಸಾಲಿನಲ್ಲಿ ಜಾಗ ಮಾಡಿ.

ಆಗಮನದ ಹಾರ, ಮೇಣದಬತ್ತಿ ಬೇಕೇ ಬೇಕಾ?

ಹಸಿರೆಲೆಯ ವೃತ್ತದಲ್ಲಿ ನಾಲ್ಕು ಬತ್ತಿ ನಿಲ್ಲಿಸಿ ವಾರಕ್ಕೊಂದರಂತೆ ಹಚ್ಚುವುದೇ ಈ ಹಾರ. ಬೇಕೇ ಬೇಕು ಅಂತಿಲ್ಲ, ಇದ್ದರೆ ಮಕ್ಕಳಿಗೆ ಖುಷಿ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ವಿಷರ್ನ್ ಎಂಬ ಲೂಥರನ್ ಪಾದ್ರಿ ಗಾಡಿಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿದರು. ಹಬ್ಬಕ್ಕೆ ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಪೀಡಿಸುತ್ತಿದ್ದುದೇ ಇದಕ್ಕೆ ಕಾರಣ ಎನ್ನುತ್ತಾರೆ. ಮಕ್ಕಳ ಕಾಟಕ್ಕೆ ಗದರದೆ ಉತ್ತರ ಹುಡುಕಿದ್ದು ನನಗೆ ಇಷ್ಟ.

ಕ್ಯಾರಲ್, ಗೋದಲಿ, ಕೇಕು, ಶಾಪಿಂಗ್. ಇದರ ನಡುವೆ ಹೇಗೆ?

ಕ್ಯಾರಲ್ ಬಿಡಿ ಅಂತ ಹೇಳುವುದಿಲ್ಲ, ನನಗೂ ಇಷ್ಟ. ಆದರೆ ಒಂದೇ ರಾತ್ರಿ ಮನೆ ಮೇಲೆ ಮನೆ ಹತ್ತುವಾಗ ಒಂದು ಬದಲಾವಣೆ ಮಾಡಬಹುದು. ವಯಸ್ಸಾದವರು ಒಂಟಿಯಾಗಿರುವ ಮನೆ ಬಂದರೆ ತಂಡ ಮುಂದೆ ಹೋಗಲಿ, ಇಬ್ಬರು ಅಲ್ಲೇ ಕೂತು ಮಾತು ಕೇಳಲಿ. ಮಕ್ಕಳು ಗಲ್ಫ್‌ನಲ್ಲೋ ಕೆನಡಾದಲ್ಲೋ ಇರುವ ಇಂಥ ಮನೆಗಳು ಈಗ ಪ್ರತಿ ವಾರ್ಡಿನಲ್ಲೂ ಇವೆ. ಕ್ರಿಸ್ಮಸ್ ತಾತನ ವೇಷ ಹಾಕಿದವನು ಉಳಿದರೆ ಇನ್ನೂ ಮಜಾ.

ಕೊನೆಯ ವಾರಕ್ಕೆ ವಿಶೇಷ ಏನಾದರೂ ಇದೆಯಾ?

ಇದೆ. ಡಿಸೆಂಬರ್ 17ರಿಂದ 23ರವರೆಗೆ ಸಂಜೆ ಪ್ರಾರ್ಥನೆಯಲ್ಲಿ, ಮರಿಯಮ್ಮನ ಸ್ತುತಿಗೆ ಮುಂಚೆ, ಯೇಸುವನ್ನು ದಿನಕ್ಕೊಂದು ಹೆಸರಿನಿಂದ ಕರೆಯುವ ಏಳು ಪುಟ್ಟ ಪ್ರಾರ್ಥನೆಗಳಿವೆ. ಓ ಜ್ಞಾನವೇ, ಓ ಒಡೆಯನೇ, ಓ ಜೆಸ್ಸೆಯ ಬೇರೇ, ಓ ದಾವೀದನ ಕೀಲಿಕೈಯೇ, ಓ ಮೂಡಣ ಬೆಳಕೇ, ಓ ಜನಾಂಗಗಳ ಅರಸನೇ, ಓ ಇಮ್ಮಾನುವೇಲನೇ. ಎಲ್ಲದರಲ್ಲೂ "ಬಾ" ಎಂಬ ಕರೆ ಇದೆ. ಸಂಜೆ ದೀಪ ಹಚ್ಚುವಾಗ ಆ ದಿನದ್ದನ್ನು ಹೇಳಿ, ಮನೆಯಲ್ಲಿರುವ ಪ್ರತಿಯೊಬ್ಬರೂ ಯಾರಿಗಾಗಿ "ಬಾ" ಅನ್ನಬೇಕು ಅಂತ ಒಂದು ಹೆಸರು ಹೇಳಬಹುದು. ಮಕ್ಕಳು ಹೇಳುವ ಹೆಸರುಗಳು ಅಚ್ಚರಿ ಹುಟ್ಟಿಸುತ್ತವೆ.

ವಾರ್ಡಿನ ಕೂಟದಲ್ಲಿ ಎಲ್ಲರೂ ಸೇರಿ ಮಾಡುವುದು ಹೇಗೆ?

2023 ಮತ್ತು 2024ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ನಡೆದ ಸಿನೊಡ್‌ ಎಂಬ ಕಥೋಲಿಕ ಸಮಾಲೋಚನಾ ಸಭೆಯಲ್ಲಿ ಬಿಷಪರು, ಸಿಸ್ಟರ್‌ಗಳು, ಸಾಮಾನ್ಯ ಭಕ್ತರು ದುಂಡುಮೇಜುಗಳ ಸುತ್ತ ಕೂತು ಮಾತಾಡಿದರು. ಅಲ್ಲಿ ಬಳಸಿದ ಕ್ರಮವನ್ನು ನಮ್ಮ ಅಳತೆಗೆ ಇಳಿಸಿಕೊಳ್ಳಬಹುದು. ಏಳೆಂಟು ಜನ ಸಾಕು. ಒಬ್ಬರು ಬೈಬಲ್ ಭಾಗ ಓದಲಿ, ಸಾಮಾನ್ಯವಾಗಿ ಓದಲು ಮುಂದೆ ಬರದವರಾದರೆ ಒಳ್ಳೆಯದು. ಆಮೇಲೆ ಪ್ರತಿಯೊಬ್ಬರೂ ಎರಡು ನಿಮಿಷ ಮಾತಾಡಲಿ. ಯಾರೂ ಉತ್ತರ ಕೊಡುವಂತಿಲ್ಲ, ತಿದ್ದುವಂತಿಲ್ಲ. ಸ್ವಲ್ಪ ಹೊತ್ತು ಮೌನ. ಎರಡನೇ ಸುತ್ತಿನಲ್ಲಿ ತಮ್ಮ ಅಭಿಪ್ರಾಯ ಬೇಡ, ಬೇರೆಯವರು ಹೇಳಿದ್ದರಲ್ಲಿ ತಮಗೆ ತಾಗಿದ್ದು ಏನು ಅಂತ ಮಾತ್ರ ಹೇಳಬೇಕು. ಮೂರನೇ ಸುತ್ತಿನಲ್ಲಿ ವಾರ್ಡಿಗಾಗಿ ಏನಾದರೂ ಮಾಡಬೇಕಾ ಅಂತ ಯೋಚಿಸಿ.

ಎರಡನೇ ಸುತ್ತಿನಲ್ಲೇ ತೊಂದರೆ ಬರುವುದು. ಮೊದಲ ಸುತ್ತಿನಲ್ಲಿ ಕೇಳಿಸಿಕೊಂಡಿರದವರು ಆಗ ಪೇಚಾಡುತ್ತಾರೆ. ಬೈಯಬೇಡಿ, ಮುಂದಿನ ವಾರ ಸರಿಹೋಗುತ್ತಾರೆ.

ವಾರ್ಡಿನ ಮುಖ್ಯಸ್ಥರಾದ ಗುರಿಕಾರರು ಅಥವಾ ಗುರುಗಳು ಇದ್ದರೆ ಕೊನೆಯಲ್ಲಿ ಮಾತಾಡಲಿ. ಅವರು ಮೊದಲು ಹೇಳಿದರೆ ಉಳಿದವರು ಅದನ್ನೇ ಒಪ್ಪುತ್ತಾ ಹೋಗುತ್ತಾರೆ. ಹೆಂಗಸರು, ಯುವಕರು ಬಾಯಿ ಬಿಡುವುದಿಲ್ಲ. ಕಾಫಿ, ತಿಂಡಿ ಎಲ್ಲ ಮುಗಿದ ಮೇಲೆ ಕೊಡಿ, ಅದನ್ನು ತರುವವರಿಗೂ ಸುತ್ತಿನಲ್ಲಿ ಕೂರಲು ಸಮಯ ಸಿಗಬೇಕಲ್ಲ.